ಪ್ಯಾರಿಸ್‌ಗೆ ಮರುಗಿದ ಫೇಸ್‌ಬುಕ್ ಬೈರೂತ್‌ಗೆ ಯಾಕೆ ಸುಮ್ನಿತ್ತು?

2015ರ ನವೆಂಬರ್ 12ಕ್ಕೆ ಲೆಬನಾನ್ ರಾಜಧಾನಿ ಬೈರೂತ್‌ನಲ್ಲಿ ಬಾಂಬ್ ಸಿಡಿದು 40ಕ್ಕೂ ಹೆಚ್ಚು ಜನ ಸತ್ರು, ಮಾರನೇ ದಿನ ಪ್ಯಾರಿಸ್‌ನಲ್ಲಿ 130 ಜನ, ಎರಡೂ ಐಸಿಸ್ ಮಾಡಿದ್ದೇ, ಆದ್ರೆ ಫ್ರಾನ್ಸ್ ಬಾವುಟದ ಡಿಪಿ ಹಾಕ್ಕೊಳ್ಳೋಕೆ ಫೇಸ್‌ಬುಕ್ಕೇ ಬಟನ್ ಕೊಡ್ತು, ‘ನಾನು ಸೇಫ್’ ಅಂತ ಗೆಳೆಯರಿಗೆ ತಿಳಿಸೋ ಸೇಫ್ಟಿ ಚೆಕ್ಕೂ ಆನ್ ಮಾಡ್ತು, ಲೆಬನಾನ್‌ಗೆ ಎರಡೂ ಇಲ್ಲ. ಅಲ್ಲೀವರೆಗೂ ಸೇಫ್ಟಿ ಚೆಕ್ಕನ್ನ ಪ್ರಕೃತಿ ವಿಕೋಪಕ್ಕೆ ಮಾತ್ರ ಬಳಸ್ತಿದ್ವಿ ಅಂತ ಫೇಸ್‌ಬುಕ್ ಮುಖ್ಯಸ್ಥ ಜುಕರ್‌ಬರ್ಗ್ ಆಮೇಲೆ ಹೇಳಿದ್ರು, ಜನ ಬೈದ್ಮೇಲೆ ಅದೇ ತಿಂಗಳು ನೈಜೀರಿಯಾದ ಯೋಲಾ ಸ್ಫೋಟಕ್ಕೆ ಆನ್ ಆಯ್ತು.

ಆದ್ರೆ ಆ್ಯಪ್ ಒಂದನ್ನೇ ದೂರಿ ಏನ್ ಬಂತು? ಪ್ಯಾರಿಸ್ ಅಂದ್ರೆ ನಮ್ಗೆ ಐಫೆಲ್ ಟವರ್ರು, ಹನಿಮೂನ್ ಫೋಟೋ, ಬೈರೂತ್ ಅಂದ್ರೆ ‘ಅಲ್ಲಿ ದಿನಾ ಇದ್ದಿದ್ದೇ ಬಿಡಿ’. ಸುದ್ದಿಯೋರೂ ಬೈರೂತ್‌ನಲ್ಲಿ ಬಾಂಬ್ ಸಿಡಿದ ಏರಿಯಾನ ಲೆಬನಾನ್‌ನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾದ ಅಡ್ಡಾ ಅಂತ್ಲೇ ಬರೆದ್ರು, ಸತ್ತೋರು ನೋಡಿದ್ರೆ ಸಂಜೆ ಬೀದಿಗೆ ಬಂದಿದ್ದ ಮಾಮೂಲಿ ಜನ. ಡಿಪಿ ಬದಲಿಸಿದೋರನ್ನ ನಾನಂತೂ ಬೈಯಲ್ಲ, ಬಟನ್ ಕಣ್ಮುಂದೆ ಇದ್ರೆ ಯಾರಾದ್ರೂ ಒತ್ತೇ ಒತ್ತಾರೆ.