ಒಪ್ಪಿಗೆ ಕೇಳದೆ ಬೇರೆಯವರ ಫೋಟೋ ತೆಗೆದರೆ ಕಾನೂನಿನ ಪ್ರಕಾರ ತಪ್ಪಾ?

ರಸ್ತೆ, ಪಾರ್ಕಿನಂಥ ಸಾರ್ವಜನಿಕ ಜಾಗದಲ್ಲಿ ತೆಗೆದರೆ ಬಹಳಷ್ಟು ದೇಶಗಳಲ್ಲಿ ತಪ್ಪಲ್ಲ. ತೊಂದರೆ ಜಾಸ್ತಿ ಬರುವುದು ಆಮೇಲೆ, ಅದನ್ನು ಪ್ರಕಟಿಸಿದಾಗ.

ಕಾನೂನು ಮುಖ್ಯವಾಗಿ ಕೇಳುವುದು ಇಷ್ಟು: ‘ಇಲ್ಲಿ ನನ್ನನ್ನು ಯಾರೂ ನೋಡುವುದಿಲ್ಲ’ ಎಂದು ಆ ವ್ಯಕ್ತಿ ನಂಬಲು ಕಾರಣವಿತ್ತೇ? ಬೀದಿಯಲ್ಲಿ ನಡೆಯುವವರಿಗೆ ಅಂಥ ನಂಬಿಕೆ ಇರುವುದಿಲ್ಲ, ಅಲ್ವಾ? ಮನೆಯೊಳಗೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಇರುತ್ತದೆ. ಹಾಗಾಗಿ ರಸ್ತೆಯಲ್ಲೇ ನಿಂತು, ಜೂಮ್ ಮಾಡಿ ಯಾರದೋ ಮಲಗುವ ಕೋಣೆಯನ್ನು ಸೆರೆಹಿಡಿದರೂ ಸಿಕ್ಕಿಬೀಳಬಹುದು. ನೀವು ಎಲ್ಲಿ ನಿಂತಿದ್ದಿರಿ ಅನ್ನುವುದಕ್ಕಿಂತ ಅವರು ಎಲ್ಲಿದ್ದರು ಅನ್ನುವುದೇ ದೊಡ್ಡದು.

ಪ್ರಕಟಣೆಯ ವಿಷಯದಲ್ಲಿ ಜರ್ಮನಿ ತುಂಬಾ ಬಿಗಿ. ಅದರ ಹಿಂದೆ ಒಂದು ಕಥೆಯಿದೆ. 1898ರಲ್ಲಿ ಜರ್ಮನಿಯ ಸರ್ಕಾರದ ಮಾಜಿ ಮುಖ್ಯಸ್ಥ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಛಾಯಾಗ್ರಾಹಕರು ಅವರ ಮನೆಯೊಳಗೆ ಕದ್ದು ನುಗ್ಗಿ ಶವದ ಫೋಟೋ ತೆಗೆದರು. ಆ ಗಲಾಟೆಯ ನಂತರ, 1907ರಲ್ಲಿ ಬಂದ ಕಾನೂನು ಒಬ್ಬರ ಚಿತ್ರ ಹಂಚಲು ಅವರ ಒಪ್ಪಿಗೆ ಬೇಕು ಎನ್ನುತ್ತದೆ. ಮೆರವಣಿಗೆಯ ಗುಂಪು, ದೃಶ್ಯದ ಮೂಲೆಯಲ್ಲಿ ಸುಮ್ನೆ ಬಂದುಹೋದವರು ಇಂಥವಕ್ಕೆ ಅಲ್ಲೂ ವಿನಾಯ್ತಿ ಇದೆ.

ಜಾಹೀರಾತಿಗೆ ಬಳಸುವುದಾದರೆ ಮಾತ್ರ ಯಾವ ದೇಶವಾದರೂ ಸರಿ, ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ಪಡೆದುಕೊಳ್ಳಿ.