ಮೊಳೆ ಹೊಡೆಯುವವರ ವಿಚಾರ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

(ಬ್ರಿಟನ್ನಿನ ಕಪ್ಪು ಕಲಾವಿದೆಯರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ಧಾರವಾಡದ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: “ಶಾಂತಿನಿಕೇತನದಲ್ಲಿ ಹುಟ್ಟಿದ ಸುತಪಾ ಬಿಸ್ವಾಸ್ ಅವರನ್ನು ಕಪ್ಪು ಕಲಾವಿದೆಯರ ಸಾಲಿಗೆ ಸೇರಿಸಿದ್ದೀರಿ. ಇದು ಅಚ್ಚಿನ ತಪ್ಪೋ, ಅಜ್ಞಾನವೋ? ಕ್ಯುರೇಟರ್ ಎಂದರೆ ಬೇರೆಯವರು ಬರೆದ ಚಿತ್ರಗಳಿಗೆ ಮೊಳೆ ಹೊಡೆಯುವವರು. ಅವರು ಕಲೆಯನ್ನು ರೂಪಿಸುತ್ತಾರೆ ಎನ್ನುವುದು ಅತಿಶಯೋಕ್ತಿ. ಬಣ್ಣವನ್ನು ಕುಂಚದಲ್ಲಿ ನೋಡಬೇಕೇ ಹೊರತು ಕಲಾವಿದರ ಚರ್ಮದಲ್ಲಿ ಅಲ್ಲ. ಕಪ್ಪು ಕಲಾವಿದರಿಗೆ ಈಗ ಬಂದಿರುವ ಬೆಲೆ ಹರಾಜುಕಟ್ಟೆಯ ಫ್ಯಾಷನ್ನು. ಕೊನೆಯದಾಗಿ, ಲೇಖನದ ಜೊತೆ ಹಾಕಿದ ಚಿತ್ರ ಅಂಚೆಚೀಟಿಯಷ್ಟಿತ್ತು. ನನ್ನ ಕನ್ನಡಕಕ್ಕೆ ಅದರಲ್ಲಿ ಏನೂ ಕಾಣಲಿಲ್ಲ.”)

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಮೊದಲ ಸಲ ಸ್ವಲ್ಪ ಸಿಟ್ಟು ಬಂತು. ಎರಡನೆಯ ಸಲ ಓದಿದಾಗ ತಾವು ಎತ್ತಿರುವ ಐದು ಮಾತುಗಳಲ್ಲಿ ಒಂದು ಪೂರ್ತಿ ಸರಿ, ಇನ್ನೊಂದು ಅರ್ಧ ಸರಿ ಎನಿಸಿತು. ಅವೆರಡನ್ನು ಕೊನೆಗಿಟ್ಟುಕೊಂಡು, ನನಗೆ ಒಪ್ಪಲಾಗದ ಮಾತುಗಳಿಗೆ ಮೊದಲು ಉತ್ತರಿಸುತ್ತೇನೆ.

ಸುತಪಾ ಬಿಸ್ವಾಸ್ ಅವರ ಹೆಸರು ಆ ಸಾಲಿನಲ್ಲಿ ಬಂದದ್ದು ಅಚ್ಚಿನ ತಪ್ಪಲ್ಲ. 1962ರಲ್ಲಿ ಶಾಂತಿನಿಕೇತನದಲ್ಲಿ ಹುಟ್ಟಿ, ನಾಲ್ಕರ ವಯಸ್ಸಿಗೇ ಇಂಗ್ಲೆಂಡಿಗೆ ಹೋಗಿ ಅಲ್ಲೇ ಬೆಳೆದ ಅವರು ಎಂಬತ್ತರ ದಶಕದಲ್ಲಿ ತಾವಾಗಿಯೇ ಆ ಸಾಲಿನಲ್ಲಿ ನಿಂತವರು. ಆ ಕಾಲದ ಬ್ರಿಟನ್ನಿನಲ್ಲಿ ‘ಬ್ಲ್ಯಾಕ್’ ಎಂಬುದು ಮೈಬಣ್ಣವನ್ನು ಅಳೆದು ಕೊಟ್ಟ ಹೆಸರಾಗಿರಲಿಲ್ಲ. ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ, ಭಾರತ ಮತ್ತು ಪಾಕಿಸ್ತಾನಗಳಿಂದ ಹೋದವರು, ಬಾಡಿಗೆ ಮನೆಯ ಬಾಗಿಲಲ್ಲೂ ಕೆಲಸ ಕೇಳಲು ಹೋದ ಕಡೆಯಲ್ಲೂ ತಮಗೆಲ್ಲ ಒಂದೇ ಉತ್ತರ ಸಿಗುತ್ತಿದ್ದುದನ್ನು ಕಂಡು, ಬೈಗುಳವಾಗಿ ಬಂದ ಪದವನ್ನೇ ಎತ್ತಿಕೊಂಡು ಒಗ್ಗಟ್ಟಿನ ಹೆಸರಾಗಿ ಮಾಡಿಕೊಂಡಿದ್ದರು. ಜನ ತಾವೇ ಆರಿಸಿಕೊಂಡ ಹೆಸರಿಗೆ ಎಂಥ ಬಲ ಬರುತ್ತದೆಂಬುದನ್ನು ‘ದಲಿತ’ ಎಂಬ ಪದದ ಚರಿತ್ರೆ ಬಲ್ಲ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರಿನ ಅರ್ಧವನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಅವರಿಂದಲೇ ಪಡೆದಿತ್ತು. ಬ್ರಿಟನ್ನಿನಲ್ಲಿ ಆ ವಿಶಾಲ ಅರ್ಥ ಈಗ ಬಹುಮಟ್ಟಿಗೆ ಬಳಕೆ ತಪ್ಪಿದೆ, ಹೊಸ ತಲೆಮಾರಿನ ಅನೇಕರು ಅದನ್ನು ಒಪ್ಪುವುದೂ ಇಲ್ಲ. ಆದರೆ ನಮ್ಮ ಲೇಖನ 1985ರ ಒಂದು ಪ್ರದರ್ಶನವನ್ನು ಕುರಿತದ್ದಾದ್ದರಿಂದ ಆ ಕಾಲದವರು ಬಳಸಿದ ಅರ್ಥದಲ್ಲೇ ಬಳಸಬೇಕಾಯಿತು. ಅಷ್ಟನ್ನು ಲೇಖನದಲ್ಲೇ ಒಂದು ಸಾಲಿನಲ್ಲಿ ಹೇಳದೆ ಬಿಟ್ಟದ್ದು ನಮ್ಮ ಕೊರತೆ.

ಮೊಳೆ ಹೊಡೆಯುವವರ, ಎಂದರೆ ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಜೋಡಿಸುವ ಕ್ಯುರೇಟರರ ಮಾತಿಗೆ ಬರುತ್ತೇನೆ. ಆ ಪ್ರದರ್ಶನದ ಹೆಸರು ‘ದಿ ಥಿನ್ ಬ್ಲ್ಯಾಕ್ ಲೈನ್’, ಎಂದರೆ ತೆಳುವಾದ ಕಪ್ಪು ಗೆರೆ. ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗುವ ರಾಜಬೀದಿಯಲ್ಲಿರುವ ಸಮಕಾಲೀನ ಕಲೆಗಳ ಸಂಸ್ಥೆ ಐಸಿಎಯಲ್ಲಿ 1985ರ ಕೊನೆಯಲ್ಲಿ ಅದು ತೆರೆಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲೂ ಲಂಡನ್ನಿನ ಬ್ರಿಕ್ಸ್‌ಟನ್ ಮತ್ತು ಟಾಟನ್‌ಹ್ಯಾಮ್‌ಗಳಲ್ಲೂ ಬೀದಿಗಳು ಹೊತ್ತಿ ಉರಿದಿದ್ದವು. ಹನ್ನೊಂದು ಮಂದಿ ಯುವ ಕಲಾವಿದೆಯರನ್ನು ಕಲೆಹಾಕಿದ ಲುಬೈನಾ ಹಿಮಿಡ್ ಆ ಹನ್ನೊಂದರಲ್ಲಿ ತಾವೂ ಒಬ್ಬರಾಗಿದ್ದರು. ಸಂಸ್ಥೆಯಲ್ಲಿ ಸರಿಯಾದ ಗ್ಯಾಲರಿಗಳಿದ್ದವು. ಇವರ ಪಾಲಿಗೆ ಬಂದದ್ದು ಮಾತ್ರ ಜನ ಓಡಾಡುವ ಕಾರಿಡಾರಿನ ಗೋಡೆ. ಗ್ಯಾಲರಿಯಲ್ಲಿ ಚಿತ್ರದ ಎದುರು ಹತ್ತು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ, ಬೇಕಾದಷ್ಟು ಹೊತ್ತು ನಿಂತು ನೋಡಬಹುದು. ಕಾರಿಡಾರಿನಲ್ಲಿ ಹಿಂದೆ ಸರಿದರೆ ಎದುರಿನ ಗೋಡೆ ಬೆನ್ನಿಗೆ ತಾಗುತ್ತದೆ, ನಿಂತರೆ ಹಾದುಹೋಗುವವರ ಭುಜ ತಾಗುತ್ತದೆ. ತೆಳುವಾದ ಗೆರೆ ಎಂಬ ಹೆಸರು ಈ ಇಕ್ಕಟ್ಟನ್ನೂ ಸೇರಿಸಿಕೊಂಡೇ ಹುಟ್ಟಿದ್ದು.

ಚಿತ್ರ ಬರೆಯುವುದನ್ನು ಬಿಟ್ಟು ಹಿಮಿಡ್ ಈ ಉಸಾಬರಿಯನ್ನು ಮೈಮೇಲೆ ಎಳೆದುಕೊಂಡದ್ದೇಕೆ ಎಂದು ತಾವು ಕೇಳಬಹುದು. ಆ ಕೆಲಸವನ್ನು ಮಾಡುವವರು ಬೇರೆ ಯಾರೂ ಇರಲಿಲ್ಲ. ಜಾಂಜಿಬಾರ್‌ನಲ್ಲಿ 1954ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ರಂಗವಿನ್ಯಾಸ ಕಲಿತ ಅವರು 1983ರಲ್ಲೇ ಎರಡು ಚಿಕ್ಕ ಪ್ರದರ್ಶನಗಳನ್ನು ಏರ್ಪಡಿಸಿದ್ದರು. ಅದಕ್ಕೂ ಹಿಂದಿನ ವರ್ಷ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಕಪ್ಪು ಕಲಾವಿದರ ಮೊದಲ ರಾಷ್ಟ್ರೀಯ ಸಮಾವೇಶ ನಡೆಯಿತು. ಕಪ್ಪು ಹೆಣ್ಣನ್ನು ಚಿತ್ರಗಳಲ್ಲಿ ಹೇಗೆ ತೋರಿಸಲಾಗಿದೆ ಎಂದು ಕಲಾವಿದೆ ಕ್ಲಾಡೆಟ್ ಜಾನ್ಸನ್ ಅಲ್ಲಿ ಮಾತನಾಡತೊಡಗಿದಾಗ ಸಭೆಯಲ್ಲಿ ಗದ್ದಲವೆದ್ದು, ಹೆಂಗಸರು ಬೇರೆ ಕೋಣೆಗೆ ಹೋಗಿ ಮಾತು ಮುಂದುವರಿಸಬೇಕಾಯಿತು. ಬಿಳಿಯರ ಗ್ಯಾಲರಿಯಲ್ಲಿ ಜಾಗವಿಲ್ಲ, ಸ್ವಂತ ಬಳಗದ ಸಭೆಯಲ್ಲೂ ಹೆಣ್ಣಿಗೆ ಅರ್ಧ ಜಾಗ. ಅಂಥ ಕಡೆ ಕ್ಯುರೇಟರ್ ಆಗುವುದೆಂದರೆ ಪತ್ರ ಬರೆಯುವುದು, ಫೋನು ಮಾಡುವುದು, ಕೆಲಸವಿಲ್ಲದ ಗೆಳತಿಯರ ಮನೆಗೆ ಹೋಗಿ ಮಂಚದ ಕೆಳಗಿದ್ದ ಚಿತ್ರಗಳನ್ನು ಹೊರಗೆಳೆಯುವುದು, ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಏನು ಹೊಳೆಯುತ್ತದೋ ಅದನ್ನು ಲೋಕಕ್ಕೆ ತೋರಿಸುವುದು. ಮೊಳೆ ಹೊಡೆಯುವುದು ಈ ಎಲ್ಲದರ ಕೊನೆಯ ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷವನ್ನೂ ನಾನು ಹಗುರಾಗಿ ಕಾಣಲಾರೆ. ತಮಗೆ ಕಾಣಿಸದೆ ಹೋದ ಚಿತ್ರವನ್ನೇ ತೆಗೆದುಕೊಳ್ಳಿ. ಬಿಸ್ವಾಸ್ ಅವರ ‘ಹೌಸ್‌ವೈವ್ಸ್ ವಿತ್ ಸ್ಟೇಕ್‌ನೈವ್ಸ್’ (ಮಾಂಸ ಕೊಯ್ಯುವ ಚಾಕು ಹಿಡಿದ ಗೃಹಿಣಿಯರು) 1985ರ ಕೃತಿ. ಕಾಳಿ ಅದರಲ್ಲಿ ಅಡುಗೆಮನೆಯಿಂದ ಎದ್ದುಬಂದ ಗೃಹಿಣಿಯ ಹಾಗಿದ್ದಾಳೆ. ನಾಲ್ಕು ಕೈ, ಒಂದರಲ್ಲಿ ಕತ್ತಿ, ಒಂದರಲ್ಲಿ ಕಡಿದ ತಲೆ, ಕೊರಳಲ್ಲಿ ರುಂಡಮಾಲೆ. ಇನ್ನೊಂದು ಕೈಯಲ್ಲಿರುವ ಪುಟ್ಟ ಬಾವುಟದ ಮೇಲೆ, ಹದಿನೇಳನೆಯ ಶತಮಾನದ ಇಟಲಿಯ ಕಲಾವಿದೆ ಆರ್ಟೆಮಿಸಿಯಾ ಜೆಂಟಿಲೆಸ್ಕಿ ಬರೆದ, ಶತ್ರು ಸೇನಾಪತಿಯ ತಲೆ ಕಡಿಯುವ ಬೈಬಲ್ ಕಥೆಯ ಜೂಡಿತಳ ಚಿತ್ರದ ನಕಲು. ಆಳೆತ್ತರವನ್ನು ಮೀರಿದ ಈ ಚಿತ್ರವನ್ನು ಗೋಡೆಗೆ ಒತ್ತಿ ನೇರವಾಗಿ ಹಾಕುವುದಿಲ್ಲ. ಮೇಲಂಚು ಮುಂದಕ್ಕೆ ಬಾಗುವಂತೆ ತೂಗುಹಾಕುತ್ತಾರೆ. ಎದುರು ನಿಂತವರ ಮೇಲೆ ದೇವಿ ಮುಗ್ಗರಿಸಿ ಬಿದ್ದಾಳೇನೋ ಎನ್ನುವಂತೆ ಅದು ಬಾಗಿ ನೋಡುತ್ತದೆ. ಮೊಳೆ ಒಂದು ಗೇಣು ಅತ್ತಿತ್ತ ಹೋದರೆ ಆ ಅಂಜಿಕೆ ಹೋಗಿಬಿಡುತ್ತದೆ, ಉಳಿಯುವುದು ಕ್ಯಾಲೆಂಡರಿನ ಕಾಳಿ. ಕಾಳಿಯನ್ನು ಮನೆಯ ಗೋಡೆಯ ಮೇಲೆ ನೋಡುತ್ತ ಬೆಳೆದ ನಾವು ಈ ಚಿತ್ರವನ್ನು ಲಂಡನ್ನಿನವರಿಗಿಂತ ಬೇಗ ಓದಬಲ್ಲೆವು. ಅದನ್ನು ಆ ಊರಿನ ಗೋಡೆಗೆ ಏರಿಸಿದ್ದು ಮಾತ್ರ ಜಾಂಜಿಬಾರಿನಲ್ಲಿ ಹುಟ್ಟಿದ ಒಬ್ಬ ಕಪ್ಪು ಹೆಣ್ಣುಮಗಳು.

ಬಣ್ಣ ಕುಂಚದಲ್ಲಿರಬೇಕು, ಚರ್ಮದಲ್ಲಲ್ಲ ಎಂಬ ಮಾತು ಕೇಳಲು ಹಿತವಾಗಿದೆ. ಚರ್ಮದ ಲೆಕ್ಕವನ್ನು ಕಲಾವಿದರು ಶುರುಮಾಡಿದ್ದರೆ ನಾನೂ ಒಪ್ಪುತ್ತಿದ್ದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1969ರಲ್ಲಿ ಕಪ್ಪು ಜನರ ಹಾರ್ಲೆಮ್ ಬಡಾವಣೆಯನ್ನೇ ವಸ್ತುವಾಗಿಸಿ ದೊಡ್ಡ ಪ್ರದರ್ಶನ ಮಾಡಿತು. ಅದರಲ್ಲಿ ಛಾಯಾಚಿತ್ರಗಳು ತುಂಬಿದ್ದವು, ಹಾರ್ಲೆಮಿನ ವರ್ಣಚಿತ್ರಕಾರರ ಒಂದು ಚಿತ್ರವೂ ಇರಲಿಲ್ಲ. ಕಲಾವಿದರು ಫಲಕ ಹಿಡಿದು ಮೆಟ್ಟಿಲ ಬಳಿ ಧರಣಿ ಮಾಡಿದರು. ಅವರ ಕುಂಚವನ್ನು ನೋಡುವ ಮೊದಲೇ ಬಾಗಿಲು ಹಾಕಿದವರು ಯಾವ ಬಣ್ಣವನ್ನು ನೋಡಿದ್ದರು?

ಇಲ್ಲಿ ಪತ್ರಿಕೆಯವನಾಗಿ ಒಂದು ಮಾತು ಸೇರಿಸಬೇಕು. ಹಿಮಿಡ್ ಅವರು 2007ರಿಂದ ಸುಮಾರು ಹತ್ತು ವರ್ಷ ‘ಗಾರ್ಡಿಯನ್’ ಪತ್ರಿಕೆಯ ಹಾಳೆಗಳ ಮೇಲೆಯೇ ಬಣ್ಣ ಹಚ್ಚಿ ಒಂದು ಮಾಲಿಕೆ ಮಾಡಿದರು. ಕಪ್ಪು ಆಟಗಾರನೊಬ್ಬನ ಚಿತ್ರ ಇರುವ ಪುಟದಲ್ಲಿ, ಅವನಿಗೆ ಸಂಬಂಧವೇ ಇಲ್ಲದ ಸುದ್ದಿಯ ತಲೆಬರಹ ಅವನ ಪಕ್ಕದಲ್ಲೇ ಬಂದು ಕೂತು ಅವನನ್ನು ಅಣಕಿಸುವಂತೆ ಕಾಣುವುದನ್ನು ಅವರು ಪುಟದಿಂದ ಪುಟಕ್ಕೆ ಗುರುತಿಸಿ, ಉಳಿದ ಭಾಗಕ್ಕೆ ಆಫ್ರಿಕದ ಬಟ್ಟೆಗಳ ಚಿತ್ತಾರ ತುಂಬಿ, ಆ ನೆರೆಹೊರೆಯನ್ನು ಎತ್ತಿ ತೋರಿಸಿದರು. ಬೇಕೆಂದು ಮಾಡಿದ್ದಿರಲಿಕ್ಕಿಲ್ಲ, ಆದರೂ ಆದದ್ದು ಹಾಗೆ. ಅದನ್ನು ನೋಡಿದ ಮೇಲೆ ನಾನು ನಮ್ಮ ಹಳೆಯ ಸಂಚಿಕೆಗಳನ್ನು ತೆಗೆದು ಕೂತೆ. ಕೂಲಿ ಹೆಂಗಸರ ಚಿತ್ರದ ಪಕ್ಕದಲ್ಲಿ ಕಾಂತಿವರ್ಧಕ ಕ್ರೀಮಿನ ಜಾಹೀರಾತು ಕೂತ ಪುಟವೊಂದು ಸಿಕ್ಕಿತು. ಅದಕ್ಕೆ ಸಹಿ ಹಾಕಿ ಅಚ್ಚಿಗೆ ಕಳಿಸಿದವನು ನಾನೇ. ಯಾವುದರ ಪಕ್ಕದಲ್ಲಿ ಯಾವುದು ಎಂಬುದು ಎಂಥ ಕೆಲಸ ಎಂಬುದನ್ನು ನನಗೆ ಕಲಿಸಿದ್ದು ಈ ಮಾಲಿಕೆ, ಮತ್ತು ಕ್ಯುರೇಟರ್ ಮಾಡುವುದು ಮುಖ್ಯವಾಗಿ ಅದೇ ಕೆಲಸವನ್ನು.

ಹಿಮಿಡ್ ಅವರ ಇನ್ನೊಂದು ಕೃತಿಯನ್ನು ಹೇಳದಿದ್ದರೆ ರಂಗವಿನ್ಯಾಸದ ಮಾತು ಅರ್ಧಕ್ಕೇ ನಿಲ್ಲುತ್ತದೆ. 2004ರ ‘ನೇಮಿಂಗ್ ದಿ ಮನಿ’ಯಲ್ಲಿ, ನಾಟಕದ ಸೀನರಿಯಂತೆ ಮರದ ಹಲಗೆಯಲ್ಲಿ ಕತ್ತರಿಸಿ ಬಣ್ಣ ಬಳಿದ ನೂರು ಆಳೆತ್ತರದ ಬೊಂಬೆಗಳು ಒಂದು ಅಂಗಳದಲ್ಲಿ ಗುಂಪುಗೂಡಿ ನಿಂತಿವೆ. ಯುರೋಪಿನ ಶ್ರೀಮಂತರ ಮನೆಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ಅವರು: ತಮಟೆಯವರು, ನಾಯಿ ಪಳಗಿಸುವವರು, ಚಮ್ಮಾರರು, ನಕಾಶೆ ಬರೆಯುವವರು, ಗಿಡಮೂಲಿಕೆ ಬಲ್ಲವರು, ಆಟಿಕೆ ಮಾಡುವವರು. ಮುಂದಿನಿಂದ ನೋಡಿದರೆ ಝಗಝಗಿಸುವ ಉಡುಪು. ಬೆನ್ನ ಹಿಂದೆ ಹೋದರೆ ಲೆಕ್ಕದ ಚೀಟಿಯಂಥ ಒಂದು ಹಾಳೆ, ಅದರಲ್ಲಿ ಅವರ ನಿಜವಾದ ಹೆಸರು, ಒಡೆಯರು ಇಟ್ಟ ಹೆಸರು, ಊರಲ್ಲಿ ಮಾಡುತ್ತಿದ್ದ ಕೆಲಸ, ಇಲ್ಲಿ ಮಾಡುವ ಕೆಲಸ, ಇಷ್ಟಾದರೂ ತಮ್ಮದೆಂದು ಉಳಿದಿರುವ ಒಂದು ಸಮಾಧಾನ. ನೋಡುವವರು ಅವರ ನಡುವೆ ನುಸುಳಿಕೊಂಡೇ ನಡೆಯಬೇಕು, ನೂರು ಹೆಸರನ್ನು ಓದಬೇಕು. ಕಾರಿಡಾರಿನಲ್ಲಿ ಚಿತ್ರ ತೂಗಿ ಕಲಿತ ಪಾಠ ಈ ಅಂಗಳದಲ್ಲಿ ಕಲೆಯೇ ಆಗಿದೆ ಎನ್ನುವುದು ನನ್ನ ಓದು. ತಾವು ಒಪ್ಪಬೇಕೆಂದಿಲ್ಲ.

ಇದು ಬ್ರಿಟನ್ನಿಗೇ ನಿಂತ ಸಂಗತಿಯಲ್ಲ. ನೈಜೀರಿಯಾದ ಕ್ಯುರೇಟರ್ ಓಕ್ವಿ ಎನ್ವೇಜರ್ ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಮೆರಿಕದಲ್ಲಿ ರಾಜ್ಯಶಾಸ್ತ್ರ ಓದಿ, ಕವಿತೆ ಬರೆದುಕೊಂಡು, 1994ರಲ್ಲಿ ಗೆಳೆಯರೊಡನೆ ‘ಎನ್‌ಕಾ’ ಎಂಬ ಆಫ್ರಿಕನ್ ಕಲಾಪತ್ರಿಕೆ ತೆಗೆದವರು. ಜರ್ಮನಿಯ ಕಾಸೆಲ್‌ನಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಡಾಕ್ಯುಮೆಂಟಾ ಮಹಾಪ್ರದರ್ಶನವನ್ನು 2002ರಲ್ಲಿ ನಿರ್ದೇಶಿಸಿದ ಅವರು, ಯುರೋಪಿನ ಹೊರಗಿನಿಂದ ಆ ಹುದ್ದೆಗೆ ಬಂದವರಲ್ಲಿ ಮೊದಲಿಗರು. ಕಾಸೆಲ್‌ಗೆ ಬರುವ ಮೊದಲೇ ಅವರು ಪ್ರದರ್ಶನವನ್ನು ಐದು ವೇದಿಕೆಗಳಾಗಿ ಒಡೆದು, ಮೊದಲ ನಾಲ್ಕನ್ನು ಲೋಕದ ಬೇರೆಬೇರೆ ಊರುಗಳಿಗೆ ಕೊಂಡೊಯ್ದರು. ಸತ್ಯಶೋಧನೆ ಮತ್ತು ನ್ಯಾಯವನ್ನು ಕುರಿತ ಎರಡನೆಯ ವೇದಿಕೆ 2001ರಲ್ಲಿ ನಮ್ಮ ದೆಹಲಿಯಲ್ಲಿ ನಡೆಯಿತು. ದೆಹಲಿಯ ಕಲಾವಿದರಾದ ರಾಕ್ಸ್ ಮೀಡಿಯಾ ಕಲೆಕ್ಟಿವ್, ಅಮರ್ ಕನ್ವರ್, ರವಿ ಅಗರವಾಲ್ ಕಾಸೆಲ್ ತಲುಪಿದ್ದು ಆ ಡಾಕ್ಯುಮೆಂಟಾದಲ್ಲಿ. ಇನ್ನೂ ಹತ್ತಿರದ ನಂಟು ಬೇಕಾದರೆ, ಜಮೈಕಾದಲ್ಲಿ ಹುಟ್ಟಿದ ಚಿಂತಕ ಸ್ಟುವರ್ಟ್ ಹಾಲ್ ಅಧ್ಯಕ್ಷರಾಗಿ ಕಟ್ಟಿ ಬೆಳೆಸಿದ ಇನಿವಾ ಎಂಬ ಕಲಾಸಂಸ್ಥೆಯ ಲಂಡನ್ ಕಟ್ಟಡದಲ್ಲಿ 2011ರಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಿದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ತಮಗೆ ನಗಣ್ಯ ಎನಿಸಿದ ಮೊಳೆಯ ಮೇಲೆ ನಮ್ಮವರ ಕೃತಿಗಳೂ ತೂಗಿವೆ.

ಹರಾಜಿನ ಮಾತು ಅರ್ಧ ಸರಿ ಎಂದೆನಲ್ಲ. ಷಿಕಾಗೊದ ಕಪ್ಪು ಚಿತ್ರಕಾರ ಕೆರಿ ಜೇಮ್ಸ್ ಮಾರ್ಷಲ್ ಅವರ ‘ಪಾಸ್ಟ್ ಟೈಮ್ಸ್’ ಚಿತ್ರವನ್ನು 1997ರಲ್ಲಿ ಆ ನಗರದ ಸಾರ್ವಜನಿಕ ಪ್ರಾಧಿಕಾರವೊಂದು 25,000 ಡಾಲರಿಗೆ ಕೊಂಡಿತ್ತು. 2018ರಲ್ಲಿ ಅದೇ ಚಿತ್ರ ನ್ಯೂಯಾರ್ಕಿನ ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಹೋಯಿತು. ಮರುಮಾರಾಟದ ಹಣದಲ್ಲಿ ಕಲಾವಿದರಿಗೆ ಪಾಲು ಕೊಡಿಸುವ ಕಾನೂನು ಅಮೆರಿಕದಲ್ಲಿಲ್ಲದ್ದರಿಂದ ಅದರಲ್ಲಿ ಬರೆದವರಿಗೆ ಬಿಡಿಗಾಸಿನ ಹಕ್ಕೂ ಇರಲಿಲ್ಲ. ಈ ಗದ್ದಲವನ್ನು ಕಲೆಯ ಗೆಲುವೆಂದು ಬಣ್ಣಿಸುವುದು ನನಗೂ ಸೇರದು. ಆದರೆ ಫ್ಯಾಷನ್ನು ಹುಟ್ಟುವ ಮೊದಲೇ ದಶಕಗಟ್ಟಲೆ ದುಡಿದವರನ್ನು ಫ್ಯಾಷನ್ನಿನ ಕೂಸುಗಳು ಎನ್ನುವುದು ನ್ಯಾಯವಲ್ಲ. ಕಾರಿಡಾರಿನ ಹನ್ನೊಂದು ಮಂದಿಯನ್ನೇ ನೋಡಿ. ಬ್ರಿಟನ್ನಿನ ಹೆಸರಾಂತ ಕಲಾಪ್ರಶಸ್ತಿ ಟರ್ನರ್‌ಗೆ ಐವತ್ತು ವರ್ಷದ ವಯೋಮಿತಿ ಇದ್ದುದನ್ನು 2017ರಲ್ಲಿ ತೆಗೆದರು. ಆ ವರ್ಷವೇ ಅದು 63ರ ಹಿಮಿಡ್ ಅವರಿಗೆ ಬಂತು. ಅಷ್ಟು ವಯಸ್ಸಾದವರು ಅದನ್ನು ಹಿಂದೆ ಗೆದ್ದಿರಲಿಲ್ಲ. ಆ ದಾಖಲೆಯನ್ನು 2022ರಲ್ಲಿ ಮುರಿದವರು 66ರ ವೆರೋನಿಕಾ ರಯಾನ್, ಅವರೂ ಅದೇ ಕಾರಿಡಾರಿನವರು. ಲಂಡನ್ನಿನ ಹ್ಯಾಕ್ನಿಯ ಬೀದಿಬದಿಯಲ್ಲಿ ಸೀತಾಫಲ, ದೀವಿಹಲಸುಗಳನ್ನು ಅಮೃತಶಿಲೆ, ಕಂಚುಗಳಲ್ಲಿ ಮಾಡಿ ನೆಲದ ಮೇಲಿಟ್ಟವರು ಅವರೇ. ಅದೇ 2022ರಲ್ಲಿ ವೆನಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ಬ್ರಿಟನ್ನನ್ನು ಪ್ರತಿನಿಧಿಸಿ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹ ತಂದ ಸೋನಿಯಾ ಬಾಯ್ಸ್ ಕೂಡ ಆ ಹನ್ನೊಂದರಲ್ಲಿ ಒಬ್ಬರು. ಇವೆಲ್ಲ ಕಾಣಲು ಅದೇ ಹನ್ನೊಂದರಲ್ಲಿ ಒಬ್ಬರಾದ ಗ್ಲಾಸ್ಗೊದ ಮೌಡ್ ಸಲ್ಟರ್ ಇರಲಿಲ್ಲ, ಅವರು 2008ರಲ್ಲೇ ತೀರಿಕೊಂಡಿದ್ದರು.

ಐಸಿಎ 2025ರ ಬೇಸಿಗೆಯಲ್ಲಿ ಹಿಮಿಡ್ ಅವರನ್ನು ಮತ್ತೆ ಕರೆದು, ಆ ಹನ್ನೊಂದು ಮಂದಿಯ ಕೃತಿಗಳ ಪ್ರದರ್ಶನವನ್ನು ಅವರಿಂದಲೇ ಮಾಡಿಸಿತು. ನಡುವೆ ಸರಿದದ್ದು ನಲವತ್ತು ವರ್ಷ.

ತಮ್ಮ ಕೊನೆಯ ಮಾತು ಪೂರ್ತಿ ಸರಿ. ಎದುರು ನಿಂತವರ ಮೇಲೆ ಬಾಗುವ ಚಿತ್ರವನ್ನು ಅಂಚೆಚೀಟಿಯಷ್ಟು ಮಾಡಿ ಪುಟದ ಮೂಲೆಗೆ ತಳ್ಳಿದ್ದು ನಾವು, ಅದೂ ಕಾರಿಡಾರಿನ ಅನ್ಯಾಯವನ್ನು ಕುರಿತ ಲೇಖನದಲ್ಲಿ. ಅನುಮತಿ ಸಿಕ್ಕರೆ ಮುಂದಿನ ಸಂಚಿಕೆಯ ನಡುವಿನ ಎರಡು ಪುಟಗಳನ್ನು ಪೂರ್ತಿಯಾಗಿ ಆ ಕಾಳಿಗೇ ಬಿಡುತ್ತೇವೆ. ಪಿನ್ನು ಬಿಚ್ಚಿದರೆ ಹಾಳೆ ಹರಿಯದಂತೆ ಹೊರಬರುವ ಹಾಗೆ ಕಟ್ಟಲು ಮುದ್ರಣಾಲಯದವರಿಗೆ ಹೇಳಿದ್ದೇನೆ. ಗೋಡೆಗೆ ಹಾಕುವಾಗ ಮೇಲಿನ ಅಂಚಿನ ಹಿಂದೆ ಒಂದು ರಟ್ಟಿನ ತುಂಡು ಇಟ್ಟು, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೊಳೆಯನ್ನು ತಾವೇ ಹೊಡೆಯಿರಿ.

— ಸಂಪಾದಕ