ವಿಡಿಯೋ ಕಾಲ್‌ನಲ್ಲಿ ಆಂಟಿಸೈಕೋಟಿಕ್ ಮಾತ್ರೆ ಬರೆಸಬಹುದಾ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಯಾರೋ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುತ್ತಾನೆ. ರಾತ್ರಿ ಒಬ್ಬನೇ ಅವರಿಗೆ ಉತ್ತರ ಕೊಡುತ್ತಿರುತ್ತಾನೆ. ಆಸ್ಪತ್ರೆ ಅಂದರೆ ಸಾಕು, ಬಾಗಿಲು ಹಾಕಿಕೊಳ್ಳುತ್ತಾನೆ. ಫೋನಿನಲ್ಲಾದರೆ ಡಾಕ್ಟರ್ ಹತ್ತಿರ ಮಾತಾಡುತ್ತೇನೆ ಅಂದಿದ್ದಾನೆ. ಆನ್‌ಲೈನ್‌ನಲ್ಲಿ ತೋರಿಸಿದರೆ ಆಂಟಿಸೈಕೋಟಿಕ್, ಅಂದರೆ ಇಂಥ ದನಿ, ಅನುಮಾನಗಳಿಗೆ ಕೊಡುವ ಮಾತ್ರೆ, ಬರೆದುಕೊಡುತ್ತಾರಾ? ಆ ಮಾತ್ರೆ ಮನುಷ್ಯನನ್ನು ಮಂಕು ಮಾಡುತ್ತದೆ, ಒಮ್ಮೆ ಹಿಡಿದರೆ ಬಿಡಲಾಗದು ಎಂದೂ ಹೇಳುತ್ತಾರೆ. ನಿಜವಾ?

ಉತ್ತರ: ಫೋನಿನಲ್ಲಾದರೆ ಮಾತಾಡುತ್ತೇನೆ ಅಂದಿದ್ದಾನಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಎಲ್ಲರ ಮೇಲೂ ಅನುಮಾನ ಇರುವವನು ಒಬ್ಬ ಅಪರಿಚಿತನ ಜೊತೆ ಮಾತಾಡಲು ಒಪ್ಪುವುದು ಸಣ್ಣ ವಿಷಯವಲ್ಲ. ಅವನ ಮನಸ್ಸು ಬದಲಾಗುವ ಮುಂಚೆ ಕಾಲ್ ಮಾಡಿಸಿ.

ಮಾತ್ರೆ ಬರೆಯುತ್ತಾರಾ ಅಂದರೆ, ಬರೆಯಬಹುದು. ನಿಯಮ ದೇಶದಿಂದ ದೇಶಕ್ಕೆ ಬೇರೆ. ಆದರೆ ನಿದ್ರೆಮಾತ್ರೆಗಳಿಗೆ ಇರುವಂಥ ಬಿಗಿ ಕಟ್ಟುಪಾಡು ಈ ಔಷಧಿಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಕಾರಣ ಸರಳ. ಇವು ಚಟ ಹಿಡಿಸುವುದಿಲ್ಲ. ಇನ್ನೊಂದು ಬೇಕು, ಮತ್ತೊಂದು ಬೇಕು ಎಂದು ಸಾಮಾನ್ಯವಾಗಿ ಯಾರೂ ಇವುಗಳ ಹಿಂದೆ ಬೀಳುವುದಿಲ್ಲ. ನನ್ನ ಹತ್ತಿರ ಬರುವವರ ಗೋಳು ಇದಕ್ಕೆ ಉಲ್ಟಾ. ಮಾತ್ರೆ ಯಾವಾಗ ನಿಲ್ಲಿಸುತ್ತೀರಿ ಎಂದೇ ಕೇಳುತ್ತಾರೆ.

ಹಾಗಂತ ದಿಢೀರನೆ ನಿಲ್ಲಿಸುವ ಹಾಗಿಲ್ಲ. ನಿದ್ರೆ ಕೆಡುತ್ತದೆ, ವಾಕರಿಕೆ ಬರುತ್ತದೆ, ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಜಾಸ್ತಿ. ಮೊದಲ ಸಲ ಬಂದ ಕಾಯಿಲೆಗೆ, ಗುಣ ಕಂಡ ಮೇಲೂ ಸಾಮಾನ್ಯವಾಗಿ ಒಂದೆರಡು ವರ್ಷ ಮುಂದುವರಿಸಿ ಅನ್ನುತ್ತೇವೆ. ಆಮೇಲೆ ನಿಧಾನವಾಗಿ ಇಳಿಸಿ ನೋಡುತ್ತೇವೆ. ಕೆಲವರಿಗೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ.

ಈ ಮಾತ್ರೆ ಮಾಡುವುದೇನು? ನಮ್ಮ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಇದೆ. 'ಇದು ಮುಖ್ಯ, ಗಮನಿಸು' ಎಂದು ಗುರುತು ಹಾಕುವುದು ಅದರ ಒಂದು ಕೆಲಸ. ಸೈಕೋಸಿಸ್‌ನಲ್ಲಿ, ಅಂದರೆ ಇಲ್ಲದ್ದು ಕೇಳುವ, ಇಲ್ಲದ್ದನ್ನು ನಂಬುವ ಸ್ಥಿತಿಯಲ್ಲಿ, ಆ ಗುರುತು ಕಂಡಕಂಡದ್ದಕ್ಕೆಲ್ಲ ಬೀಳುತ್ತದೆ. ಪಕ್ಕದ ಮನೆಯವರು ಕೆಮ್ಮಿದರೂ ಅದು ತನಗೇ ಕೊಟ್ಟ ಸೂಚನೆ ಅನಿಸುತ್ತದೆ. ಡೋಪಮೈನ್ ಬಂದು ಕೂರುವ ಜಾಗಗಳಿಗೆ, ಅಂದರೆ ಡಿ2 ಗ್ರಾಹಕಗಳಿಗೆ, ಮಾತ್ರೆ ಅಡ್ಡ ಕೂರುತ್ತದೆ. ಸುಮಾರು ಶೇ 60ರಿಂದ 80ರಷ್ಟು ಗ್ರಾಹಕಗಳು ಮುಚ್ಚಿದರೆ ಸಾಮಾನ್ಯವಾಗಿ ಗುಣ ಕಾಣುತ್ತದೆ. ಅದಕ್ಕೂ ಮೀರಿದರೆ ಗುಣ ಹೆಚ್ಚುವುದಿಲ್ಲ, ಕೈಕಾಲು ಬಿಗಿಯುವುದು ಹೆಚ್ಚುತ್ತದೆ. ಬೇಗ ವಾಸಿಯಾಗಲಿ ಎಂದು ನೀವೇ ಒಂದು ಮಾತ್ರೆ ಜಾಸ್ತಿ ಕೊಟ್ಟರೆ ಆಗುವುದು ಅಷ್ಟೇ.

ಇಂಥ ಮೊದಲ ಔಷಧಿ ಕ್ಲೋರ್‌ಪ್ರೋಮಝೀನ್. 1950ರಲ್ಲಿ ತಯಾರಾದಾಗ ಅದು ಮನೋರೋಗದ ಔಷಧಿ ಆಗಿರಲೇ ಇಲ್ಲ. ಫ್ರಾನ್ಸ್‌ನ ಶಸ್ತ್ರವೈದ್ಯ ಆಂರಿ ಲಾಬೊರಿ ಅದನ್ನು ಅರಿವಳಿಕೆಯ ಜೊತೆ ಬಳಸುವಾಗ, ರೋಗಿಗಳು ವಿಚಿತ್ರ ನಿರಾಳದಲ್ಲಿ ಇರುವುದನ್ನು ಗಮನಿಸಿದರು. 1952ರಲ್ಲಿ ಅದು ಪ್ಯಾರಿಸ್ಸಿನ ಮಾನಸಿಕ ಆಸ್ಪತ್ರೆಗೆ ಬಂತು. ಮಂಕು ಎಂಬ ಹೆಸರು ಅಂಟಿಕೊಂಡಿದ್ದೂ ಆ ಹಳೇ ದಿನಗಳ ದೊಡ್ಡ ಡೋಸ್‌ಗಳಿಂದಲೇ. ಈಗಲೂ ಮೊದಮೊದಲು ತೂಕಡಿಕೆ ಇರಬಹುದು. ಆದರೆ ವಾರಗಳು ಕಳೆದರೂ ನಿಮ್ಮ ತಮ್ಮ ಗೋಡೆ ನೋಡುತ್ತಾ ಕೂತಿದ್ದರೆ, ಡೋಸೋ ಮಾತ್ರೆಯೋ ಅವನಿಗೆ ಹೊಂದುತ್ತಿಲ್ಲ ಎಂದು ಅರ್ಥ ಇರಬಹುದು. ಸುಮ್ನೆ ಸಹಿಸಿಕೊಳ್ಳಬೇಡಿ, ಹೇಳಿ.

ನಿದ್ರೆ, ಗಾಬರಿ ಕೆಲವೇ ದಿನಗಳಲ್ಲಿ ಸುಧಾರಿಸುತ್ತವೆ. ಕಿವಿಯಲ್ಲಿ ಕೇಳುವ ದನಿಗೆ ವಾರಗಳು ಬೇಕು. ಅದು ಒಮ್ಮೆಲೇ ನಿಲ್ಲುವುದೂ ಅಪರೂಪ, ಮೊದಲು ಅದರ ಜೋರು ಇಳಿಯುತ್ತದೆ. "ಕೇಳಿಸುತ್ತೆ ಡಾಕ್ಟ್ರೇ, ಆದ್ರೆ ಈಗ ತಲೆ ಕೆಡಿಸಿಕೊಳ್ಳಲ್ಲ" ಎಂದು ಯಾರಾದರೂ ಅಂದರೆ ನನಗೆ ಅರ್ಧ ಸಮಾಧಾನ.

ಈಗ ಆನ್‌ಲೈನ್ ವಿಷಯಕ್ಕೆ ಬರುತ್ತೇನೆ. ಸ್ಕ್ರೀನಿನಲ್ಲಿ ಮಾತು ಚೆನ್ನಾಗಿ ಕಾಣುತ್ತದೆ, ಮೈ ಕಾಣುವುದಿಲ್ಲ. ಈ ಮಾತ್ರೆಗಳ ಹೆಚ್ಚಿನ ತೊಂದರೆಗಳು ಇರುವುದು ಮೈಯಲ್ಲಿ. ಒಮ್ಮೆ ಒಬ್ಬ ಯುವಕ ಎರಡನೇ ವಾರದ ಕಾಲ್‌ಗೆ ಬಂದಿದ್ದ. ಮುಖ ಮಾತ್ರ ಕಾಣುತ್ತಿತ್ತು. ಭುಜ ಸ್ವಲ್ಪ ಅಲುಗಾಡುತ್ತಿತ್ತು. ಕಾಯಿಲೆ ಜಾಸ್ತಿಯಾಗಿದೆ, ರಾತ್ರಿಯೆಲ್ಲ ಓಡಾಡುತ್ತಾನೆ, ಡೋಸ್ ಏರಿಸಿ ಎಂದು ಅವನ ತಾಯಿ ಕೇಳಿಕೊಂಡರು. ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಹೋಗಲು ಹೇಳಿದೆ. ಆಗ ಕಾಲು ಕಂಡಿತು. ಒಂದು ಕಾಲೆತ್ತಿ ಇನ್ನೊಂದು, ಇನ್ನೊಂದೆತ್ತಿ ಮತ್ತೊಂದು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಅದು ಕಾಯಿಲೆಯಲ್ಲ, ಅಕಥಿಸಿಯಾ. ಮಾತ್ರೆಯಿಂದಲೇ ಬರುವ ಚಡಪಡಿಕೆ. ಡೋಸ್ ಇಳಿಸಬೇಕಿತ್ತು, ನಾನು ಮುಖ ಮಾತ್ರ ನೋಡಿದ್ದರೆ ಏರಿಸಿಬಿಡುತ್ತಿದ್ದೆ.

ಆದ್ದರಿಂದ ವೈದ್ಯರು ಕೇಳದಿದ್ದರೂ ನೀವೇ ತಮ್ಮನ ಪೂರ್ತಿ ದೇಹ ತೋರಿಸಿ. ಕೈ ಮುಂದೆ ಚಾಚಲಿ, ನಾಲ್ಕು ಹೆಜ್ಜೆ ನಡೆಯಲಿ. ಮೊದಲ ಮಾತ್ರೆಗೆ ಮುಂಚೆ, ಅಥವಾ ಅವನು ಒಪ್ಪಿದ ಕೂಡಲೇ, ತೂಕ, ಸೊಂಟದ ಸುತ್ತಳತೆ, ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಬರೆದಿಟ್ಟುಕೊಳ್ಳಿ. ಒಲಾನ್ಜಪಿನ್‌ನಂಥ ಮಾತ್ರೆಯಲ್ಲಿ ಹಸಿವು ಎಷ್ಟು ಏರುತ್ತದೆ ಅಂದರೆ, ಮೊದಲ ವಾರಗಳಲ್ಲೇ ಬಟ್ಟೆ ಬಿಗಿಯಾಗಬಹುದು. ತೂಕ ಏರಿದ ಮೇಲೆ ಇಳಿಸುವುದು ಕಷ್ಟ. ರಿಸ್ಪೆರಿಡೋನ್ ಎಂಬ ಇನ್ನೊಂದು ಮಾತ್ರೆಯಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿ, ಹೆಂಗಸರಿಗೆ ಮುಟ್ಟು ನಿಲ್ಲಬಹುದು, ಗಂಡಸರಿಗೆ ಲೈಂಗಿಕ ತೊಂದರೆ ಬರಬಹುದು. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ.

ಗಾಂಜಾ, ಥೈರಾಯ್ಡ್, ಮೂರ್ಛೆ ರೋಗದಿಂದಲೂ ಇಂಥ ಲಕ್ಷಣ ಬರಬಹುದು. ಹಾಗಾಗಿ ಒಂದಲ್ಲ ಒಂದು ದಿನ ಯಾರಾದರೂ ವೈದ್ಯರು ಅವನ ಮೈ ಮುಟ್ಟಿ ನೋಡಲೇಬೇಕು. ಮನಸ್ಸಿನ ಆಸ್ಪತ್ರೆಯೇ ಆಗಬೇಕಿಲ್ಲ, ಮಾಮೂಲಿ ಡಾಕ್ಟರ್ ಸಾಕು. ಎರಡು ಮೂರು ಕಾಲ್ ಆದ ಮೇಲೆ ಎಷ್ಟೋ ಜನ ಒಪ್ಪುತ್ತಾರೆ.

ಒಳ್ಳೆಯ ಆನ್‌ಲೈನ್ ವೈದ್ಯರನ್ನು ಗುರುತಿಸುವುದು ಸುಲಭ, ಅವರು ಜಾಸ್ತಿ ಪ್ರಶ್ನೆ ಕೇಳುತ್ತಾರೆ. ಈಗ ಎಲ್ಲಿ ಕೂತಿದ್ದೀರಿ, ವಿಳಾಸವೇನು, ತುರ್ತಿಗೆ ಯಾರ ನಂಬರ್ ಎಂದು ಮೊದಲೇ ವಿಚಾರಿಸುತ್ತಾರೆ. ತಮ್ಮನಿಗೆ ಅದು ಬೇಹುಗಾರಿಕೆ ಅನಿಸಬಹುದು, ಮುಂಚೆಯೇ ಹೇಳಿಡಿ. ಬರೀ ಫಾರ್ಮ್ ತುಂಬಿಸಿಕೊಂಡು ಐದು ನಿಮಿಷದಲ್ಲಿ ಚೀಟಿ ಕಳಿಸುವವರು, ಮುಂದಿನ ಭೇಟಿ ಯಾವಾಗ ಎಂದು ಹೇಳದವರು ಬೇಡವೇ ಬೇಡ.

ಸಾಯುವ ಮಾತು, ಹೊಡೆಯಲು ಬರುವುದು, ಅನ್ನ ನೀರು ಬಿಡುವುದು ಕಂಡರೆ ವಿಡಿಯೋ ಕಾಲ್‌ಗೆ ಕಾಯಬೇಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ಮಾತ್ರೆ ಶುರುವಾದ ಮೇಲೆ ಕುತ್ತಿಗೆ ತಿರುಚಿದರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ, ಜ್ವರ ಏರಿ ಮೈ ಮರದಂತೆ ಸೆಟೆದರೆ ಅಲ್ಲೂ ಅದೇ. ಕುತ್ತಿಗೆ ತಿರುಚುವುದು ಗಂಡುಹುಡುಗರಲ್ಲಿ ಜಾಸ್ತಿ. ನೋಡಲು ಭಯಂಕರ, ಆದರೆ ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಬೇಗ ಬಿಡುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಊಟದಲ್ಲಿ ಮಾತ್ರೆ ಬೆರೆಸಿ ಕೊಡಬೇಡಿ. ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂದು ನಂಬಿರುವವನಿಗೆ ಅದು ಗೊತ್ತಾದ ದಿನ, ಅವನ ಅನುಮಾನ ನಿಜವೇ ಆಗಿಬಿಡುತ್ತದೆ ಅಲ್ವಾ?

ಪ್ರಶ್ನೆ: ನನಗೆ ನಿದ್ರೆ ಬರುವುದಿಲ್ಲ ಅಷ್ಟೇ, ಬೇರೆ ಏನೂ ತೊಂದರೆಯಿಲ್ಲ. ಆನ್‌ಲೈನ್‌ನಲ್ಲಿ ಕ್ವೆಟಿಯಾಪಿನ್ 25 ಮಿಲಿಗ್ರಾಂ ಬರೆದಿದ್ದಾರೆ. ಅದು ಸ್ಕಿಜೋಫ್ರೀನಿಯಾ ಎಂಬ ಮಾನಸಿಕ ಕಾಯಿಲೆಯ ಮಾತ್ರೆಯಂತೆ. ನನಗೂ ಆ ಕಾಯಿಲೆ ಇದೆಯಾ?

ಉತ್ತರ: ಚೀಟಿ ನೋಡಿ ಕಾಯಿಲೆ ಊಹಿಸಬೇಡಿ. ಆ ಡೋಸ್‌ನಲ್ಲಿ ಅದು ಮುಖ್ಯವಾಗಿ ಅಲರ್ಜಿ ಮಾತ್ರೆಯ ಹಾಗೆ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆದು ತೂಕಡಿಕೆ ತರುತ್ತದೆ. ಬರೀ ನಿದ್ರಾಹೀನತೆಗೆ ಇದನ್ನು ಬರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಸಣ್ಣ ಡೋಸ್‌ನಲ್ಲೂ ತೂಕ ಏರಬಹುದು. ಯಾಕೆ ಬರೆದಿರಿ, ಎಷ್ಟು ದಿನ ಎಂದು ಅವರನ್ನೇ ಕೇಳಿ.

ಪ್ರಶ್ನೆ: ಮೂರು ವರ್ಷದಿಂದ ಕ್ಲೋಜಪಿನ್ ಎಂಬ ಆಂಟಿಸೈಕೋಟಿಕ್ ಮಾತ್ರೆ ತಗೊಳ್ಳುತ್ತಿದ್ದೇನೆ, ಆರಾಮಾಗಿದ್ದೆ. ಹದಿನೈದು ದಿನದ ಹಿಂದೆ ಸಿಗರೇಟ್ ಬಿಟ್ಟೆ. ಅದೇ ಡೋಸ್, ಆದರೆ ಈಗ ಬೆಳಗ್ಗೆ ಏಳಲಾಗುತ್ತಿಲ್ಲ, ಜೊಲ್ಲು ಸುರಿಯುತ್ತದೆ. ಮುಂದಿನ ಆನ್‌ಲೈನ್ ಭೇಟಿ ಇನ್ನೂ ಒಂದು ತಿಂಗಳಿದೆ.

ಉತ್ತರ: ಕಾಯಬೇಡಿ, ಇವತ್ತೇ ಫೋನ್ ಮಾಡಿ. ಸಿಗರೇಟಿನ ಹೊಗೆ ಲಿವರ್‌ನಲ್ಲಿರುವ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ. ಕ್ಲೋಜಪಿನ್ ಕರಗುವುದು ಮುಖ್ಯವಾಗಿ ಅದರಿಂದಲೇ. ಹೊಗೆ ನಿಂತಾಗ ಕಿಣ್ವ ನಿಧಾನವಾಗುತ್ತದೆ, ರಕ್ತದಲ್ಲಿ ಮಾತ್ರೆಯ ಮಟ್ಟ ಏರುತ್ತದೆ. ತುಂಬಾ ಏರಿದರೆ ಫಿಟ್ಸ್ ಕೂಡ ಬರಬಹುದು. ರಕ್ತದಲ್ಲಿನ ಮಟ್ಟ ಪರೀಕ್ಷಿಸಿ ಡೋಸ್ ಇಳಿಸಬೇಕಾಗಬಹುದು. ನೀವಾಗಿಯೇ ನಿಲ್ಲಿಸಬೇಡಿ, ಮತ್ತೆ ಸೇದಲೂ ಬೇಡಿ. ಈ ಪರಿಣಾಮ ಹೊಗೆಯದು, ನಿಕೋಟಿನ್‌ದಲ್ಲ. ಹಾಗಾಗಿ ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಮಟ್ಟ ಏರಿಯೇ ಇರುತ್ತದೆ. ನೀವು ಸೇದುತ್ತಿದ್ದುದು ನಿಮ್ಮ ವೈದ್ಯರಿಗೆ ಗೊತ್ತಿತ್ತಾ? ವಿಡಿಯೋ ಕಾಲ್‌ನಲ್ಲಿ ಸಿಗರೇಟಿನ ವಾಸನೆ ಬರುವುದಿಲ್ಲ.